ಮೆಕ್ಕೆಜೋಳ, ಮೂರು ಗಡಿಯಾರ ಮತ್ತು ಅಜ್ಜಿಯ ಹೆಸರು

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆ ಹತ್ತಿರದ ಹಳ್ಳಿಯ ರೈತ. ಮಗಳು ಚಿತ್ರಕಲೆ ಓದುತ್ತಿದ್ದಾಳೆ, ಕೊನೆಯ ವರ್ಷ. ಮೆಕ್ಸಿಕೊದ ಇಬ್ಬರು ಮತ್ತು ಜರ್ಮನಿಯ ಒಬ್ಬ ವಿದ್ಯಾರ್ಥಿ ಜೊತೆ ಸೇರಿ ಮೆಕ್ಕೆಜೋಳದ ಮೇಲೆ ಐದು ನಿಮಿಷದ ಸಿನಿಮಾ ಮಾಡಿದ್ದಾಳೆ. ಆರು ತಿಂಗಳು ರಾತ್ರಿ ಹನ್ನೆರಡೂವರೆಗೆ ಮೀಟಿಂಗ್. ನನ್ನ ತಾಯಿಯಿಂದ ಬೀಸುವ ಪದ ಹಾಡಿಸಿದರು. ಮೆಕ್ಸಿಕೊ ಹುಡುಗ ಅಲ್ಲಿಂದಲೇ ಗಿಟಾರ್ ನುಡಿಸಲು ನೋಡಿದ, ತಾಳ ಕೂಡಲೇ ಇಲ್ಲ. ನಮ್ಮ ಹಳ್ಳಿಯ ನೆಟ್‌ನಿಂದ ಹೀಗಾಯಿತು ಅಂತ ಮಗಳು ಅತ್ತಳು. ಎಲ್ಲ ಜೋಡಿಸಿದ್ದು ಜರ್ಮನಿಯ ಹುಡುಗ. ಸಿನಿಮಾ ಮುಗಿದು ಬಂದಾಗ ಮಗಳ ಹೆಸರು ‘ಧ್ವನಿ ನೆರವು’ ಅಂತಷ್ಟೇ ಇತ್ತು. ತಾಯಿಯ ಹೆಸರೇ ಇಲ್ಲ. ಕನ್ನಡ ಅಕ್ಷರಗಳೂ ಒಡೆದಿವೆ. ಮುಖಾಮುಖಿ ನೋಡದವರ ಜೊತೆ ಮಾಡುವ ಇಂಥದ್ದು ಓದು ಅನ್ನಿಸಿಕೊಳ್ಳುತ್ತದೆಯೇ? ಇನ್ನು ಮುಂದೆ ಬೇಡ ಅಂತ ಹೇಳಲೇ?

ಸಂಪಾದಕರ ಉತ್ತರ:

ಬೇಡ ಅಂತ ಮಾತ್ರ ಹೇಳಬೇಡಿ. ನಿಮ್ಮ ಬೇಸರ ನ್ಯಾಯವಾದದ್ದೇ. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ.

ಮೊದಲು ಆ ತಾಳದ ವಿಚಾರ. ಮಗಳಿಗೆ ಇವತ್ತೇ ಹೇಳಿ, ತಪ್ಪು ನಿಮ್ಮ ಹಳ್ಳಿಯದ್ದಲ್ಲ. ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಿಮ್ಮ ಊರಿಂದ ಮೆಕ್ಸಿಕೊ ನಗರ ಹತ್ತಿರತ್ತಿರ 16,000 ಕಿಲೋಮೀಟರ್. ಕೇಬಲ್ ನೇರವಾಗಿ ಹೋಗಿದೆ ಅಂತಲೇ ಇಟ್ಟುಕೊಳ್ಳಿ, ಆಗಲೂ ಹಾಡು ಅಲ್ಲಿ ಮುಟ್ಟಲು 80 ಮಿಲಿಸೆಕೆಂಡ್ ಬೇಕು (ಸಾವಿರ ಮಿಲಿಸೆಕೆಂಡ್ ಸೇರಿದರೆ ಒಂದು ಸೆಕೆಂಡ್). ನಿಜವಾಗಿ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಸುಮಾರು 30 ಮಿಲಿಸೆಕೆಂಡ್ ದಾಟಿದರೆ ಇಬ್ಬರು ಕೂಡಿ ತಾಳ ಹಿಡಿಯುವುದು ಕಷ್ಟ. ಜಾತ್ರೆಯಲ್ಲಿ ದೂರ ನಿಂತು ಡೊಳ್ಳು ನೋಡಿದ್ದೀರಲ್ವಾ? ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅದೇ ಇದು. ಬೆಂಗಳೂರಿನ ದೊಡ್ಡ ಸ್ಟುಡಿಯೊದಲ್ಲಿ ಕೂತಿದ್ದರೂ ತಾಳ ಕೂಡುತ್ತಿರಲಿಲ್ಲ.

ಹಾಗಾದರೆ ದೂರದವರು ಕೂಡಿ ಹಾಡುವುದು ಹೇಗೆ? ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ 2010ರಲ್ಲಿ ಒಂದು ದಾರಿ ತೋರಿಸಿದರು. 12 ದೇಶಗಳ 185 ಜನ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಕೂತು, ಅವರ ಕೈಸನ್ನೆಯ ವಿಡಿಯೊ ನೋಡುತ್ತ ಹಾಡಿ ಕಳಿಸಿದರು. ಎಲ್ಲವನ್ನೂ ಜೋಡಿಸಿದಾಗ ಒಂದೇ ಮೇಳದ ಹಾಡಾಯಿತು. ನಾನು ಅದನ್ನು ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಆದರೂ ಒಂದು ಕೊರತೆ ಕಾಡುತ್ತದೆ. ಹಾಡುವಾಗ ಅವರಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿರಲಿಲ್ಲ. ಎಲ್ಲರೂ ನಡುವಿನ ಒಬ್ಬರಿಗೆ ಕಳಿಸಿದರು, ಅವರು ಹೊಲಿದರು.

ನನಗೆ ಇನ್ನೊಂದು ದಾರಿ ಜಾಸ್ತಿ ಇಷ್ಟ. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಪರ್ಚೇಸ್ ಕಾಲೇಜಿನಲ್ಲಿ ಜಾನ್ ರೂಬಿನ್ ಎಂಬ ಸಿನಿಮಾ ಮೇಷ್ಟ್ರು ಇದ್ದರು. ತಮ್ಮ ವಿದ್ಯಾರ್ಥಿಗಳನ್ನು ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಸೇರಿಸಿ ವಿಡಿಯೊ ಮಾಡಿಸುತ್ತಿದ್ದರು. ಇಲ್ಲಿಂದ ಒಂದು ತುಣುಕು ಹೋದರೆ ಅಲ್ಲಿಂದ ಉತ್ತರವಾಗಿ ಇನ್ನೊಂದು ತುಣುಕು. ಆ ಅನುಭವದ ಮೇಲೆಯೇ 2006ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ಶುರುವಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಅದನ್ನು ‘ಕಾಯಿಲ್’ ಅನ್ನುತ್ತಾರೆ. ಎರಡು ದೇಶದ ಮೇಷ್ಟ್ರುಗಳು ಕೂಡಿ ಪಾಠ ಯೋಜಿಸುವುದು, ಎರಡು ತರಗತಿ ಕೂಡಿ ಒಂದು ಕೆಲಸ ಮಾಡುವುದು ಅದರ ಕ್ರಮ. ಇವತ್ತು ಎಷ್ಟೋ ದೇಶಗಳಲ್ಲಿ ಈ ಕ್ರಮ ಇದೆ. ಹಾಗಾಗಿ ಇದು ಓದೇ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ನಾನು ಕಾಲೇಜಿನಲ್ಲಿದ್ದಾಗ ಮೈಸೂರು, ಶಿವಮೊಗ್ಗ, ಧಾರವಾಡದ ಗೆಳೆಯರು ಸೇರಿ ಒಂದು ಕೈಬರಹ ಪತ್ರಿಕೆ ನಡೆಸುತ್ತಿದ್ದೆವು. ಇರುವುದು ಒಂದೇ ನೋಟ್‌ಬುಕ್. ಕೆಂಪು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೆವು. ಒಂದೇ ಕಥೆಯನ್ನು ಮೂವರೂ ಸರದಿಯಲ್ಲಿ ಮುಂದುವರಿಸಬೇಕು. ಒಂದು ಸಲ ನಾನು ಪ್ರೀತಿಯಿಂದ ಕಟ್ಟಿದ ಒಬ್ಬ ಮುದುಕನನ್ನು ಧಾರವಾಡದವನು ಎರಡೇ ಪುಟದಲ್ಲಿ ಸಾಯಿಸಿಬಿಟ್ಟ. ವಾರಗಟ್ಟಲೆ ಕೋಪವಿತ್ತು. ಆಮೇಲೆ ಆ ಸಾವಿಗೆ ಉತ್ತರವಾಗಿ ನಾನು ಬರೆದ ಪುಟಗಳೇ ನನ್ನನ್ನು ಬರಹಗಾರನನ್ನಾಗಿ ಮಾಡಿದವು. ಕೆಲಸ ಹಂಚಿಕೊಳ್ಳುವುದು ಬೇರೆ, ಕೂಡಿ ಮಾಡುವುದು ಬೇರೆ ಅಂತ ಗೊತ್ತಾದದ್ದು ಆಗಲೇ.

ನಿಮ್ಮ ಮಗಳ ಸಿನಿಮಾದಲ್ಲಿ ಎಡವಿದ್ದು ಇಲ್ಲೇ ಅನ್ನಿಸುತ್ತದೆ. ಅವಳು ಧ್ವನಿ ಕಳಿಸಿದಳು, ಮೆಕ್ಸಿಕೊದವರು ಚಿತ್ರ ಕಳಿಸಿದರು, ಜರ್ಮನಿಯ ಹುಡುಗ ಜೋಡಿಸಿದ. ಜೋಡಿಸಿದವನಿಗೆ ಇಡೀ ಸಿನಿಮಾ ಕಂಡಿತು, ಉಳಿದವರಿಗೆ ತಮ್ಮ ಚೂರು ಮಾತ್ರ. ಅಂಥ ಕಡೆ ಹೆಸರು ಸಣ್ಣದಾಗುವುದಕ್ಕೆ ಕೆಟ್ಟ ಮನಸ್ಸೇ ಬೇಕಾಗಿಲ್ಲ.

ಅವರು ಆರಿಸಿಕೊಂಡ ವಿಷಯವಾದರೂ ಎಂಥದ್ದು! ಮೆಕ್ಕೆಜೋಳದ ತವರೇ ಮೆಕ್ಸಿಕೊ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಈ ತೆನೆ ಮಾಡಿದರು. ನಿಮ್ಮ ಹೊಲದ ಕಾಳು ಬಹಳಷ್ಟು ಕೋಳಿ ಮೇವಿಗೆ ಹೋಗುತ್ತದೆ. ಅಲ್ಲಿ ಅದೇ ಮನೆಯ ರೊಟ್ಟಿ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಮೆಟಾಟೆ ಎಂಬ ಚಪ್ಪಟೆ ಕಲ್ಲಿನ ಮೇಲೆ ಅರೆಯುತ್ತಾರೆ. ನಮ್ಮ ಅರೆಯುವ ಕಲ್ಲಿನ ಅಕ್ಕನೇ ಅದು. ಈಗ ಯೋಚಿಸಿ. ನಿಮ್ಮ ಕಣದಲ್ಲಿ ಲಾರಿಗೆ ಮೆಕ್ಕೆಜೋಳ ತುಂಬುವ ದೃಶ್ಯವನ್ನು ಮಗಳು ಕಳಿಸುತ್ತಾಳೆ. ಅದನ್ನು ನೋಡಿದ ಮೇಲೆ ಅವರು ತಮ್ಮ ಅಜ್ಜಿಯ ಕಲ್ಲನ್ನು ಚಿತ್ರಿಸುತ್ತಾರೆ. ಅದಕ್ಕೆ ಉತ್ತರವಾಗಿ ನಿಮ್ಮ ತಾಯಿ ಬೀಸುಕಲ್ಲಿನ ಮುಂದೆ ಕೂರುತ್ತಾರೆ. ಆ ಹಾಡನ್ನು ಕೇಳಿ ಗಿಟಾರ್ ಹುಡುಗ ನಿಧಾನವಾಗಿ ತನ್ನದನ್ನು ಸೇರಿಸುತ್ತಾನೆ. 80 ಮಿಲಿಸೆಕೆಂಡಿನ ಜಗಳವೇ ಇರುವುದಿಲ್ಲ. ಯಾರೊಬ್ಬರನ್ನು ತೆಗೆದರೂ ಸಿನಿಮಾ ಬಿದ್ದುಹೋಗುತ್ತದೆ.

ಈಗ ರಾತ್ರಿ ಮೀಟಿಂಗ್. ನಿಮ್ಮ ಹನ್ನೆರಡೂವರೆ ಅಂದರೆ ಮೆಕ್ಸಿಕೊ ನಗರದಲ್ಲಿ ಮಧ್ಯಾಹ್ನ ಒಂದು. ಅವರಿಗೆ ಸಲೀಸು. ನಮ್ಮಲ್ಲಿ ರಾತ್ರಿ ಎಂಟೂವರೆ ಆದಾಗ ಅಲ್ಲಿ ಬೆಳಗ್ಗೆ ಒಂಬತ್ತು, ಜರ್ಮನಿಯಲ್ಲಿ ಚಳಿಗಾಲವಾದರೆ ಸಂಜೆ ನಾಲ್ಕು, ಬೇಸಿಗೆಯಾದರೆ ಐದು. ಮೂವರಿಗೂ ಒಗ್ಗುವ ಹೊತ್ತು ಇತ್ತು, ಯಾರೂ ಕೇಳಲಿಲ್ಲ. ನಮ್ಮ ಮಕ್ಕಳು ‘ಪರವಾಗಿಲ್ಲ, ನಾನು ಎದ್ದಿರುತ್ತೇನೆ’ ಅಂದುಬಿಡುತ್ತಾರೆ. ಆ ಸಂಕೋಚ ನನಗೆ ಚೆನ್ನಾಗಿ ಗೊತ್ತು. ಆದರೆ ಆರು ತಿಂಗಳ ನಿದ್ದೆ ಸಣ್ಣ ಬೆಲೆಯಲ್ಲ. ಎಂಟೂವರೆ ಅಂತ ಬಾಯಿ ಬಿಟ್ಟು ಕೇಳಲಿ. ಇನ್ನೊಂದು, ಜರ್ಮನಿಯವರು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಬದಲಿಸುತ್ತಾರೆ. ನಾವು ಬದಲಿಸುವುದಿಲ್ಲ, ಮೆಕ್ಸಿಕೊದ ಬಹುಪಾಲು ಕಡೆ 2022ರಲ್ಲಿ ಅದನ್ನು ನಿಲ್ಲಿಸಿದರು. ಆ ವಾರಗಳಲ್ಲಿ ಮೀಟಿಂಗ್ ತಪ್ಪಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಒಡೆದ ಅಕ್ಷರಕ್ಕೆ ಮದ್ದು ಸುಲಭ. ವಿಡಿಯೊ ಜೋಡಿಸುವ ಕೆಲವು ತಂತ್ರಾಂಶಗಳು ಸುಮ್ನೆ ಬಿಟ್ಟರೆ ಇಂಗ್ಲಿಷ್ ರೀತಿಯಲ್ಲೇ ಅಕ್ಷರ ಜೋಡಿಸುತ್ತವೆ. ಆಗ ‘ಅಜ್ಜಿ’ ಹೋಗಿ ‘ಅಜ್‌ಜಿ’ ಆಗುತ್ತದೆ. ಅಡೋಬಿಯ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆ ಆಯ್ಕೆ ಇದೆ, ಅದನ್ನು ಹಾಕಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಬಾರದು, ಯೂನಿಕೋಡ್ ಆಗಿರಬೇಕು. ಎಲ್ಲಕ್ಕಿಂತ ಭದ್ರವಾದದ್ದು, ಕನ್ನಡದ ಸಾಲುಗಳನ್ನು ಇಲ್ಲೇ ಮಾಡಿ ಹಿನ್ನೆಲೆ ಇಲ್ಲದ ಚಿತ್ರವಾಗಿ ಕಳಿಸುವುದು. ಜರ್ಮನಿಯ ಹುಡುಗನಿಗೆ ಅಕ್ಷರ ಒಡೆದದ್ದು ಕಾಣುವುದಿಲ್ಲ. ನಮಗೆ ಕಾಣುತ್ತದೆ. ಕೊನೆಯ ಪ್ರತಿ ಹೊರಬೀಳುವ ಮುಂಚೆ ನಮ್ಮವರ ಕಣ್ಣು ಅದರ ಮೇಲೆ ಬಿದ್ದಿರಲೇಬೇಕು.

ಹೆಸರಿನ ಮಾತು ಕೊನೆಗೆ ಇಟ್ಟುಕೊಂಡೆ, ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಅದೇ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಸಿನಿಮಾಗೆ ನಿರ್ಮಾಪಕರೇ ಕರ್ತೃ ಅನ್ನುತ್ತದೆ. ನಾಲ್ಕು ವಿದ್ಯಾರ್ಥಿಗಳು ಕೈಯಿಂದ ದುಡ್ಡು ಹಾಕಿ ಮಾಡಿದಾಗ ನಿರ್ಮಾಪಕರು ಯಾರು? ಅದಕ್ಕೇ ಮೊದಲ ವಾರವೇ ಒಂದು ಹಾಳೆ ಬರೆದುಕೊಳ್ಳಬೇಕು. ಯಾರು ಏನು ಮಾಡುತ್ತಾರೆ, ಹೆಸರು ಹೇಗೆ ಬರುತ್ತದೆ, ಸ್ಪರ್ಧೆಗೆ ಕಳಿಸುವಾಗ ಯಾರನ್ನು ಕೇಳಬೇಕು, ಬಹುಮಾನ ಬಂದರೆ ಹೇಗೆ. ನಾಲ್ವರೂ ಒಪ್ಪಿದೆ ಅಂತ ಬರೆದ ಒಂದು ಇಮೇಲ್ ಕೂಡ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ನಿಮ್ಮ ತಾಯಿಯ ವಿಚಾರ ಇನ್ನೂ ಸ್ಪಷ್ಟ. ಬೀಸುವ ಪದ ಕಟ್ಟಿದವರು ಯಾರೆಂದು ಗೊತ್ತಿಲ್ಲ, ಅದು ಎಲ್ಲರದು. ಆದರೆ ಹಾಡಿದ ದನಿ ಅವರದು. ನಮ್ಮ ಕಾಯ್ದೆಯಲ್ಲಿ ಹಾಡುವವರಿಗೆ ಪ್ರದರ್ಶಕರ ಹಕ್ಕು ಇದೆ. ‘ಇದನ್ನು ಹಾಡಿದವರು ಇವರು’ ಅಂತ ಗುರುತಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಸೇರಿಸಿತು. ಕಾನೂನು ಹಾಗಿರಲಿ, ದನಿ ಕೊಟ್ಟ ಹಿರಿಯರ ಹೆಸರು ಬಿಡುವುದು ಯಾವ ಊರಲ್ಲೂ ಸರಿಯಲ್ಲ. ಮೆಕ್ಸಿಕೊದ ಆ ಮಕ್ಕಳಿಗೂ ಅಜ್ಜಿ ಇರುತ್ತಾರಲ್ವಾ? ಮಗಳು ಕೋಪವಿಲ್ಲದೆ ಬರೆಯಲಿ: ಹೆಸರಿನ ಪಟ್ಟಿ ತಿದ್ದಬೇಕು, ಅಜ್ಜಿಯ ಹೆಸರು ಕನ್ನಡದಲ್ಲೇ ಬರಬೇಕು, ಹೆಸರು ಬರೆದ ಚಿತ್ರ ಜೊತೆಗಿದೆ. ಕೊನೆಯ ಹತ್ತು ಸೆಕೆಂಡು ತಿದ್ದಲು ಒಂದು ಸಂಜೆ ಸಾಕು.

ತಿದ್ದಿದ ಪ್ರತಿ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಕೂತು ನೋಡಿ, ತಾಯಿಯವರನ್ನು ಮುಂದೆ ಕೂರಿಸಿ. ತೆರೆಯ ಮೇಲೆ ತಮ್ಮ ಹೆಸರು ನೋಡಿ ಅವರು ಏನಂದರು ಅಂತ ನನಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ