ತೆಗೆದ ಸಾಲು ಎಲ್ಲಿ ಹೋಗುತ್ತದೆ?

ಪ್ರಶ್ನೆ: ಲಂಡನ್ನಿನಲ್ಲಿ ‘ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್’ ಅಂತ ಒಂದು ಪತ್ರಿಕೆ ಇದೆಯಂತೆ. ಯಾವ ದೇಶದಲ್ಲಿ ಯಾರ ಬಾಯಿ ಮುಚ್ಚಿಸಿದರು ಎಂದು ಬರೆಯುತ್ತದಂತೆ. ಅಷ್ಟು ದೂರ ಕೂತು ಬರೆದರೆ ಜೈಲಿನಲ್ಲಿದ್ದವನಿಗೆ ಏನು ಉಪಯೋಗ?
– ಓದುಗ, ಇಂಡಿ

ಉತ್ತರ: ಆ ಪತ್ರಿಕೆಯ ಬೇರು ಇರುವುದು ಮಾಸ್ಕೋದಲ್ಲಿ. 1968ರ ಜನವರಿಯಲ್ಲಿ ಅಲ್ಲಿ ಕೆಲವು ಯುವ ಬರಹಗಾರರ ವಿಚಾರಣೆ ನಡೆಯಿತು. ಇದು ನ್ಯಾಯವಲ್ಲ ಎಂದು ಅಲ್ಲಿನ ಸರ್ಕಾರವನ್ನು ಪ್ರಶ್ನಿಸುತ್ತಿದ್ದ ಪಾವೆಲ್ ಲಿಟ್ವಿನೋವ್, ಲಾರಿಸಾ ಬೊಗೊರಾಜ್ ಇಬ್ಬರೂ ಜಗತ್ತಿಗೆ ಬಹಿರಂಗ ಮನವಿ ಬರೆದರು. ಅದನ್ನು ಓದಿದ ಇಂಗ್ಲಿಷ್ ಕವಿ ಸ್ಟೀಫನ್ ಸ್ಪೆಂಡರ್ ಗೆಳೆಯರನ್ನು ಸೇರಿಸಿ ಬೆಂಬಲದ ತಂತಿ ಕಳಿಸಿದರು. ಒಂದು ತಂತಿಗೆ ನಿಲ್ಲಿಸಬೇಡಿ, ಇದಕ್ಕಾಗಿಯೇ ಒಂದು ಸಮಿತಿ ಮಾಡಿ, ಆದರೆ ಅದು ಬರೀ ಸೋವಿಯತ್ ವಿರೋಧಿ ಗುಂಪಾಗಬಾರದು ಎಂದು ಲಿಟ್ವಿನೋವ್ ಮರಳಿ ಬರೆದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಮಾಸ್ಕೋದ ಕೆಂಪು ಚೌಕದಲ್ಲಿ ಪ್ರತಿಭಟಿಸಿ ಬಂಧನಕ್ಕೊಳಗಾದರು. ಐದು ವರ್ಷ ಸೈಬೀರಿಯಾಕ್ಕೆ ಗಡೀಪಾರು. ಪತ್ರಿಕೆ ಹೊರಬಂದದ್ದು 1972ರಲ್ಲಿ. ಅಂದರೆ, ಬೇಕು ಎಂದು ಕೇಳಿದವರು ಆ ದೇಶದ ಒಳಗಿದ್ದವರೇ.

ಉಪಯೋಗ ಏನು ಅಂದಿರಿ. ನನ್ನ ಕಥೆಯನ್ನೇ ಹೇಳುತ್ತೇನೆ. 1975ರಲ್ಲಿ ನಾನು ವಿಜಯಪುರದ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಒಂದೊಂದು ಅಕ್ಷರದ ಅಚ್ಚು, ಜೋಡಿಸುತ್ತಿದ್ದೆ. ಆಗಿನ್ನೂ ಬಿಜಾಪುರ. ನನಗೆ ಹದಿನೇಳು ವರ್ಷ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ವಾರಕ್ಕೊಮ್ಮೆ ನಾಲ್ಕು ಪುಟದ ಒಂದು ಪತ್ರಿಕೆ. ಜೂನ್ 25ರಂದು ತುರ್ತು ಪರಿಸ್ಥಿತಿ ಬಂತು. ಆಮೇಲೆ ಅಚ್ಚಿಗೆ ಮೊದಲು ಕರಡು ಹಿಡಿದು ಸೆನ್ಸಾರ್ ಸಾಹೇಬರ ಮುಂದೆ ನಿಲ್ಲುವ ಕೆಲಸ ನನಗೇ ಬಿತ್ತು. ಒಂದು ದಿನ ಸೀಮೆಎಣ್ಣೆ ಸಿಗದ ಸುದ್ದಿಯ ಮೇಲೆ ಕೆಂಪು ಗೆರೆ ಎಳೆದರು. ಏಳೆಂಟು ಸಾಲು ಇದ್ದಿರಬೇಕು. ವಾಪಸ್ ಬಂದು ಒಂದೊಂದೇ ಮೊಳೆ ಬಿಚ್ಚಿ ಅದರ ಮನೆಗೆ ಹಾಕಿದೆ. ಕ ಕಾರ ಕ ಕಾರದ ಮನೆಗೆ, ಒತ್ತಕ್ಷರ ಒತ್ತಕ್ಷರದ ಮನೆಗೆ. ಮರುದಿನ ಅದೇ ಮೊಳೆಗಳಿಂದ ಯಾರದೋ ಲಗ್ನಪತ್ರಿಕೆ ಜೋಡಿಸಿದೆ.

ಆ ಸಾಲುಗಳನ್ನು ಇವತ್ತು ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ಕರಡು ಅಲ್ಲೇ ಉಳಿಯಿತು, ಯಾರೂ ನಕಲು ಇಟ್ಟುಕೊಳ್ಳಲಿಲ್ಲ. ನನ್ನ ಕೈಯಿಂದಲೇ ಹೋಯಿತಲ್ಲ ಎಂಬ ಸಂಕಟ ಈಗಲೂ ಇದೆ. ಲಂಡನ್ನಿನ ಪತ್ರಿಕೆ ಇಂಥದ್ದನ್ನೇ ಹಿಡಿದಿಟ್ಟುಕೊಂಡಿತು: ತಡೆದ ಬರಹ, ಬರೆದವರ ಹೆಸರು, ಊರು, ತಾರೀಕು. ಜೈಲಿನ ಬೀಗ ಅದರಿಂದ ತೆಗೆಯದೇ ಇರಬಹುದು. ಆದರೆ ಅಂಥದ್ದು ಬರೆದೇ ಇಲ್ಲ ಎಂದು ಯಾರೂ ಹೇಳಲಾಗದು.

ನಮ್ಮೂರಿನ ಫ.ಗು. ಹಳಕಟ್ಟಿಯವರೂ ಮನೆಮನೆ ತಿರುಗಿ ವಚನದ ಓಲೆಗರಿ ಕೂಡಿಸಿದರು, 1925ರಲ್ಲಿ ಇಲ್ಲೇ ಅಚ್ಚುಕೂಟ ಹಾಕಿದರು. ಅಲ್ಲಿ ತಡೆದವರಿದ್ದರು, ಇಲ್ಲಿ ಮರೆವು, ಗೆದ್ದಲು. ಆದರೂ ಇಟ್ಟುಕೊಳ್ಳಬೇಕೆಂಬ ಹಟ ಒಂದೇ ಅಲ್ವಾ?

ಪ್ರಶ್ನೆ: ಹಾಸ್ಟೆಲ್ ನೀರಿನ ತೊಂದರೆ ಬಗ್ಗೆ ಬರೆದ ನನ್ನ ಕವಿತೆಯನ್ನು ಕಾಲೇಜಿನ ಗೋಡೆ ಪತ್ರಿಕೆಯಿಂದ ಕಿತ್ತರು. ‘ಕೆಲವರಿಗೆ ಬೇಜಾರಾಗಿದೆ’ ಅಂದರು. ಸುಮ್ನೆ ಇರಲಾ?
– ವಿದ್ಯಾರ್ಥಿನಿ, ಮುದ್ದೇಬಿಹಾಳ

ಉತ್ತರ: ಬೇಡ ತಂಗಿ. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿದೆ. ಯಾವ ಕಾರಣಕ್ಕೆ ಸರ್ಕಾರ ಅದಕ್ಕೆ ಮಿತಿ ಹಾಕಬಹುದು ಎಂದೂ ಅಲ್ಲೇ ಇದೆ: ದೇಶದ ಭದ್ರತೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ, ಹೀಗೆ. ಬೇಜಾರು ಆ ಪಟ್ಟಿಯಲ್ಲಿ ಇಲ್ಲ. ಇಂಟರ್ನೆಟ್ಟಿನಲ್ಲಿ ಕಿರಿಕಿರಿ ಮಾಡುವ ಬರಹಕ್ಕೂ ಜೈಲು ಎನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಪ್ರಾಂಶುಪಾಲರ ಹತ್ತಿರ ಒಬ್ಬಳೇ ಹೋಗಬೇಡಿ, ಗೆಳತಿಯರ ಜೊತೆ ಹೋಗಿ. ಕಾರಣವನ್ನು ಬರೆದು ಕೊಡಿ ಎಂದು ಮೆತ್ತಗೆ ಕೇಳಿ.

ಅದಕ್ಕೂ ಮೊದಲು, ಕವಿತೆಯ ನಕಲು ಇದೆಯಾ? ಇಲ್ಲದಿದ್ದರೆ ಇವತ್ತು ರಾತ್ರಿಯೇ ಕೂತು ಬರೆಯಿರಿ. ಒಂದು ವಾರ ಹೋದರೆ ಎರಡು ಸಾಲು ಹೋಗುತ್ತವೆ. ಕೆಳಗೆ ಕಿತ್ತ ತಾರೀಕು ಹಾಕಿ. ಅವರು ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯಿರಿ. ನನಗೂ ಒಂದು ಪ್ರತಿ ಕಳಿಸಿ, ಇಟ್ಟುಕೊಂಡಿರುತ್ತೇನೆ.