ಐಹೊಳೆ ಶಾಸನದ ಶಕ 556 ಎಂದರೆ ಯಾವ ಇಸವಿ?

ಶಕ 556ಕ್ಕೆ ಕೆಲವರು 633, ಕೆಲವರು 634 ಅಂತಾರಲ್ಲ, ಯಾವುದು ಸರಿ, ಆಗ ಹೊರಗೇನು ನಡೀತಿತ್ತು ಅಂತ ಕೇಳಿದ್ದೀರಿ. ಐಹೊಳೆಯ ಮೇಗುತಿ ಬಸದಿಯಲ್ಲಿರುವ ಈ ಶಾಸನದಲ್ಲಿ ಕವಿ ರವಿಕೀರ್ತಿ ‘ಸಮತೀತಾಸು’ ಅಂತ ಬರೆದಿದ್ದಾನೆ, ಅಂದರೆ 556 ವರ್ಷ ಕಳೆದಿದೆ. ಹಾಗಾಗಿ ಇಸವಿಗೆ ಬರೋಕೆ 78 ಕೂಡಿಸಿ: 634. ನಡೆಯುತ್ತಿರುವ ವರ್ಷ ಅಂತ ಓದಿದರೆ ಒಂದು ವರ್ಷ ಹಿಂದೆ ಬೀಳುತ್ತೀರಿ. ತಾಳೆ ನೋಡೋಕೆ ಅವನೇ ಭಾರತಯುದ್ಧದಿಂದ 3735 ವರ್ಷ ಅಂತಲೂ ಕೊಟ್ಟಿದ್ದಾನೆ. ಅದು ಕಲಿಯುಗದ ಲೆಕ್ಕ, ಇಸವಿಗೆ ಬರೋಕೆ 3101 ಕಳೆದರೆ ಅದೇ 634. ತಿಂಗಳು ಹೇಳಿಲ್ಲ, ಶಕವರ್ಷ ಚೈತ್ರಕ್ಕೆ ಶುರು. ಅದಕ್ಕೇ 634-35 ಅಂತ ಬರೆಯೋದು ಕ್ಷೇಮ.

ಭಾರತದ ಹೊರಗೆ 634ರಲ್ಲಿ: ಪ್ಯಾಲೆಸ್ಟೈನಿನ ಅಜ್ನಾದೈನ್‌ನಲ್ಲಿ ಅರಬರು ಬೈಜಾಂಟಿಯನ್ ಸೇನೆಯನ್ನು ಸೋಲಿಸಿದರು. ಆಗಸ್ಟ್‌ನಲ್ಲಿ ಮೊದಲ ಖಲೀಫ ಅಬೂಬಕರ್ ತೀರಿಕೊಂಡು ಉಮರ್ ಖಲೀಫರಾದರು. ಚೀನಾದ ಚಾಂಗಾನ್‌ನಲ್ಲಿ ದಾಮಿಂಗ್ ಅರಮನೆಯ ಕೆಲಸ ಶುರುವಾಯಿತು.