ಶಾಲೆಗೆ ಟ್ಯಾಬ್ ತರೋ ಮುಂಚೆ

ಪ್ರಶ್ನೆ: ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಳೇ ವಿದ್ಯಾರ್ಥಿಗಳು ಸೇರಿ 2 ಲಕ್ಷ ರೂಪಾಯಿ ಕೊಟ್ಟಿದ್ದಾರೆ. ಮಕ್ಕಳಿಗೆ ಟ್ಯಾಬ್ ಕೊಡಿಸಿ ಅನ್ನೋದು ಅವರ ಆಸೆ. ಅಂಗಡಿಯವರು 7 ಇಂಚಿನದು ತಲಾ 5,000 ರೂಪಾಯಿಯಂತೆ 40 ಕೊಡ್ತೀನಿ, ಒಬ್ಬೊಬ್ಬರಿಗೂ ಒಂದೊಂದು ಬರುತ್ತೆ ಅಂತಿದ್ದಾರೆ. ತಗೊಳ್ಳಬಹುದಾ? ಯಾವ ಕಂಪನಿದು ಒಳ್ಳೇದು? ನಮ್ಮಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ.
– ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಹಾವೇರಿ ಜಿಲ್ಲೆ

ಉತ್ತರ: 40 ಬೇಡ ಸರ್, 12 ತಗೊಳ್ಳಿ.

ಒಬ್ಬೊಬ್ಬರ ಕೈಲೂ ಒಂದೊಂದು ಟ್ಯಾಬ್ ಅನ್ನೋದು ಫೋಟೋಗೆ ಚೆನ್ನಾಗಿರುತ್ತದೆ. ಪಾಠ ನಡೆಯೋದು ಬೇರೆ ಥರ. ಚಿಕ್ಕ ಮಕ್ಕಳು ಆಡ್ತಾ ಕಲಿಯೋ ನಲಿಕಲಿ ತರಗತಿಯಲ್ಲಿ ಅವರು ಹೇಗೂ ಗುಂಪಾಗಿ ಕೂರುತ್ತಾರೆ, ದೊಡ್ಡ ತರಗತಿಯಲ್ಲೂ ಮೂರು ಮಕ್ಕಳಿಗೆ ಒಂದು ಟ್ಯಾಬ್ ಕೊಟ್ಟರೆ ಒಬ್ಬ ಒತ್ತುತ್ತಾನೆ, ಒಬ್ಬಳು ಓದುತ್ತಾಳೆ, ಇನ್ನೊಬ್ಬರು ಜಗಳ ಆಡುತ್ತಾರೆ. ಆ ಜಗಳದಲ್ಲೂ ಅರ್ಧ ಪಾಠ ಆಗಿರುತ್ತದೆ. ಅಷ್ಟು ಅಗ್ಗದ ಟ್ಯಾಬಿನಲ್ಲಿ ರ‍್ಯಾಮ್ ಕಡಿಮೆ ಇರೋದರಿಂದ ನಿಧಾನ, ಆಂಡ್ರಾಯ್ಡ್ ಹಳೇದು, ಅಪ್‌ಡೇಟ್ ಬರೋದು ಅನುಮಾನ. 2011ರಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ ನೆನಪಿದೆ ಅಲ್ವಾ? 256 ಎಂಬಿ ರ‍್ಯಾಮ್, ಮುಟ್ಟಿದರೆ ಸಾಲದು, ಒತ್ತಲೇಬೇಕಾದ ಪರದೆ. ದೇಶವೆಲ್ಲ ಬೆಲೆಯ ಬಗ್ಗೆಯೇ ಮಾತಾಡಿತು, ಅದನ್ನು ಹಿಡಿದುಕೊಂಡು ಓದೋದು ಹೇಗೆ ಅಂತ ಕೇಳಿದವರು ಕಡಿಮೆ.

10 ಇಂಚಿಗೆ ಕಡಿಮೆ ಬೇಡ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮೆಮೊರಿ ಕಾರ್ಡ್ ಹಾಕೋಕೆ ಸ್ಲಾಟ್ ಇರಲಿ. ತಲಾ ಸುಮಾರು 14,000 ಅಂತ ಹಿಡಿದರೆ 12ಕ್ಕೆ 1,68,000 ಆಗುತ್ತದೆ. ಉಳಿದ 32,000ವನ್ನು ಇನ್ನೊಂದೆರಡು ಟ್ಯಾಬಿಗೆ ಸುರಿಯಬೇಡಿ, ಅದಕ್ಕೆ ಬೇರೆ ಕೆಲಸ ಇದೆ.

ಕಂಪನಿ ಕೇಳಿದ್ದೀರಿ. ನಾನು ಹೆಸರು ಹೇಳಲ್ಲ, ಮಾದರಿಗಳು ಬೇಗ ಬೇಗ ಬದಲಾಗುತ್ತವೆ. ಅದರ ಬದಲು ಅಂಗಡಿಗೆ ಹೋಗುವಾಗ ಒಬ್ಬ ಟೀಚರನ್ನೂ ಇಬ್ಬರು ಮಕ್ಕಳನ್ನೂ ಕರ್ಕೊಂಡು ಹೋಗಿ. ಆರನೇ ತರಗತಿ ವಿಜ್ಞಾನ ಪುಸ್ತಕದ ಪಿಡಿಎಫ್ ತೆರೆಯಿರಿ. ಇಡೀ ಪುಟ ಹಿಗ್ಗಿಸದೇ ಓದೋಕೆ ಬರಬೇಕು, ಚಿತ್ರದ ಕೆಳಗಿನ ಸಣ್ಣ ಅಕ್ಷರವೂ ಸೇರಿ. ಕನ್ನಡ ಕೀಬೋರ್ಡಿನಲ್ಲಿ ‘ರಾಷ್ಟ್ರ’, ‘ಸೂರ್ಯ’ ಅಂತ ಮಕ್ಕಳ ಕೈಲೇ ಬರೆಸಿ, ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದರೆ ಆ ಟ್ಯಾಬ್ ವಾಪಸ್ ಇಡಿ. ಆಮೇಲೆ ಬಾಗಿಲ ಹತ್ತಿರ ಬೆಳಕಿಗೆ ಹಿಡಿದು, ಮೂವರೂ ಅಕ್ಕಪಕ್ಕ ನಿಂತು ನೋಡಲಿ. ನೇರ ನೋಡಿದಾಗ ಚೆನ್ನಾಗಿ ಕಂಡು ಓರೆಯಿಂದ ಕಪ್ಪಾಗೋ ಪರದೆ ಗುಂಪಿಗೆ ಆಗಲ್ಲ. ಹೆಡ್‌ಫೋನ್ ಹಾಕೋ ತೂತು ಇದೆಯಾ ಅದನ್ನೂ ನೋಡಿ, ಈಗ ಎಷ್ಟೋ ಟ್ಯಾಬಿನಲ್ಲಿ ತೆಗೆದೇ ಬಿಟ್ಟಿದ್ದಾರೆ. ಸರ್ವಿಸ್ ಸೆಂಟರ್ ಹಾವೇರಿಯಲ್ಲೋ ಹುಬ್ಬಳ್ಳಿಯಲ್ಲೋ ಇರಬೇಕು. ಬಿಲ್ ಶಾಲೆ ಹೆಸರಲ್ಲೇ ಇರಲಿ, ದಾನಿಗಳ ಹೆಸರಲ್ಲಿ ಬೇಡ. ಒಂದೊಂದರ ಸೀರಿಯಲ್ ನಂಬರನ್ನೂ ಅವತ್ತೇ ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿ.

ಈಗ ಆ 32,000. ದಪ್ಪ ರಬ್ಬರ್ ಕವರ್, ಟೆಂಪರ್ಡ್ ಗ್ಲಾಸ್, ಒಂದಷ್ಟು ಹೆಡ್‌ಫೋನ್, ಬೀಗ ಇರೋ ಒಂದು ಬೀರು, ಅದರ ಪಕ್ಕ ಹೊಸ ಪ್ಲಗ್ ಪಾಯಿಂಟ್. ಶಾಲೆಗೆ ಬಂದ ಟ್ಯಾಬ್ ಬಹಳ ಸಲ ಮೂಲೆ ಸೇರೋದು ಚಾರ್ಜ್ ಮಾಡೋಕೆ ಸರಿಯಾದ ಜಾಗ ಇಲ್ಲದೇ. ಕರೆಂಟ್ ಜಾಸ್ತಿ ಬೇಕಾಗಲ್ಲ, ತಲಾ 15 ವ್ಯಾಟ್ ಅಂದರೂ 12ಕ್ಕೆ 180 ವ್ಯಾಟ್, ಎರಡು ಮೂರು ಫ್ಯಾನ್ ಓಡಿದಷ್ಟೇ. ತೊಂದರೆ ಇರೋದು ಪ್ಲಗ್ ಪಾಯಿಂಟಿನಲ್ಲಿ. ಇಡೀ ಕೋಣೆಗೆ ಒಂದೇ ಪಾಯಿಂಟ್, ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡ್, ಆ ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಗಿಸಿ ಚಾರ್ಜ್ ಮಾಡಬೇಡಿ, ಅದು ಬೆಂಕಿಗೆ ದಾರಿ. ಎಲೆಕ್ಟ್ರಿಷಿಯನ್ ಕರೆಸಿ ಸರಿಯಾಗಿ ಅರ್ಥಿಂಗ್ ಮಾಡಿಸಿ. ಟ್ಯಾಬಿಗೂ ಚಾರ್ಜರಿಗೂ 1ರಿಂದ 12ರ ತನಕ ಪೇಂಟಿನಲ್ಲಿ ನಂಬರ್ ಬರೆದು, ಸಂಜೆ ಚಾರ್ಜಿಗೆ ಹಾಕೋ ಜವಾಬ್ದಾರಿ ಏಳನೇ ತರಗತಿ ಮಕ್ಕಳಿಗೆ ಕೊಡಿ. ಮೇಷ್ಟ್ರಿಗಿಂತ ಅವರೇ ನಿಗಾ ಇಡುತ್ತಾರೆ.

ನೆಟ್‌ವರ್ಕ್ ಇಲ್ಲ ಅಂತ ಸಿಮ್ ಹಾಕೋ ಟ್ಯಾಬಿಗೆ ಜಾಸ್ತಿ ದುಡ್ಡು ಕೊಡಬೇಡಿ, ಸಿಗ್ನಲ್ಲೇ ಬರದ ಕಡೆ ಸಿಮ್ ಏನು ಮಾಡುತ್ತೆ? ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಪಾಠ ಸಿಗುತ್ತದೆ, ಅದನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ನೆಟ್ ಇಲ್ಲದೆಯೂ ನೋಡಬಹುದು. ಶಾಲೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಕೊಲಿಬ್ರಿ ಅನ್ನೋ ಉಚಿತ ತಂತ್ರಾಂಶ ಹಾಕಿ, ನೆಟ್ ಸಿಗೋ ಕಡೆ ಒಮ್ಮೆ ಪಾಠಗಳನ್ನು ಅದಕ್ಕೆ ಇಳಿಸಿಕೊಳ್ಳಿ. ಆಮೇಲೆ ಸಾದಾ ವೈಫೈ ರೂಟರ್ ಒಂದಿದ್ದರೆ ಅಲ್ಲಿಂದಲೇ ಎಲ್ಲ ಟ್ಯಾಬಿಗೂ ಪಾಠ ಹೋಗುತ್ತದೆ. ಹೊರಗಿನ ಇಂಟರ್ನೆಟ್ ಬೇಕಾಗಲ್ಲ.

ಇಷ್ಟಾದ ಮೇಲೂ 12ನ್ನೂ ಒಟ್ಟಿಗೆ ತರಬೇಡಿ. ಮೊದಲು ಎರಡು ತಂದು ಒಂದು ತಿಂಗಳು ಮಕ್ಕಳ ಕೈಗೆ ಬಿಡಿ.

ಪ್ರಶ್ನೆ: ಮಗಳ ಖಾಸಗಿ ಶಾಲೆಯಲ್ಲಿ ಆರನೇ ತರಗತಿಗೆ ಟ್ಯಾಬ್ ಕಡ್ಡಾಯ ಅಂತೆ, ಅದೂ ಅವರ ಹತ್ರಾನೇ ತಗೋಬೇಕಂತೆ. ಮನೇಲಿರೋ ಟ್ಯಾಬ್ ಯಾಕೆ ಆಗಲ್ಲ?
– ಗೃಹಿಣಿ, ಬೆಂಗಳೂರು

ಉತ್ತರ: ಒಂದು ನ್ಯಾಯವಾದ ಕಾರಣ ಇದೆ ಮೇಡಂ. ಎಲ್ಲ ಟ್ಯಾಬಿಗೂ ತಂತ್ರಾಂಶದ ಒಂದೇ ಬೀಗ ಹಾಕಿ, ತರಗತಿ ನಡೆಯುವಾಗ ಗೇಮ್, ಯೂಟ್ಯೂಬ್ ತೆರೆಯದ ಹಾಗೆ ಮಾಡೋಕೆ ಶಾಲೆಗೆ ಅದು ಅನುಕೂಲ. ಹಾಗಂತ ಆ ಬೀಗವನ್ನು ಪೂರ್ತಿ ನಂಬಬೇಡಿ. 2013ರಲ್ಲಿ ಲಾಸ್ ಏಂಜಲೀಸ್ ನಗರದ ಶಾಲೆಗಳು ಐಪ್ಯಾಡ್ ಹಂಚಿದಾಗ ಮಕ್ಕಳು ಸ್ವಲ್ಪ ದಿನದಲ್ಲೇ ಅಂಥ ಬೀಗವನ್ನು ಅಳಿಸಿ ಬೇಕಾದ್ದು ನೋಡೋಕೆ ಶುರು ಮಾಡಿದ್ದರು. ಶಾಲೆಯವರನ್ನು ಇಷ್ಟು ಕೇಳಿ: ಬೆಲೆಯಲ್ಲಿ ಟ್ಯಾಬಿಗೆಷ್ಟು, ತಂತ್ರಾಂಶಕ್ಕೆಷ್ಟು? ಒಡೆದರೆ ರಿಪೇರಿ ಯಾರದ್ದು? ಮಗು ಶಾಲೆ ಬಿಟ್ಟಾಗ ಬೀಗ ತೆಗೆದುಕೊಡ್ತೀರಾ? ಕೊನೇದಕ್ಕೆ ಉತ್ತರ ಬರವಣಿಗೆಯಲ್ಲೇ ಪಡೆಯಿರಿ. ಇಲ್ಲದಿದ್ದರೆ ಅಷ್ಟು ದುಡ್ಡು ಕೊಟ್ಟಿದ್ದು ಆಮೇಲೆ ಸುಮ್ನೆ ಮನೇಲಿ ಬಿದ್ದಿರುತ್ತದೆ.

ಪ್ರಶ್ನೆ: ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಶಾಲೆಯ ನಾಲ್ಕು ಟ್ಯಾಬ್ ಆನ್ ಆಗ್ತಿಲ್ಲ, ಒಂದರ ಹಿಂಭಾಗ ಉಬ್ಬಿದೆ. ಏನು ಮಾಡಲಿ?
– ಶಿಕ್ಷಕಿ, ರಾಯಚೂರು

ಉತ್ತರ: ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಅದುಮಬೇಡಿ, ಬಿಚ್ಚಬೇಡಿ. ಮಕ್ಕಳ ಕೈಗೆ ಸಿಗದ ಹಾಗೆ, ಕಾಗದ ಬಟ್ಟೆಗಳಿಂದ ದೂರ ಇಟ್ಟು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಕಸದ ಗಾಡಿಗೆ ಹಾಕಲೇಬಾರದು, ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಬೇಕು. ಉಳಿದ ಮೂರು ಉಬ್ಬಿಲ್ಲ ಅಂದ್ರೆ ಅದರದೇ ಚಾರ್ಜರಿಗೆ ಒಂದೆರಡು ಗಂಟೆ ಹಾಕಿ, ಪಕ್ಕದಲ್ಲೇ ಇದ್ದು ನೋಡಿ. ಚಾರ್ಜ್ ಪೂರ್ತಿ ಇಳಿದ ಬ್ಯಾಟರಿಯನ್ನು ರಾಯಚೂರಿನ ಬಿಸಿಲಲ್ಲಿ ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಹೀಗೇ ಆಗೋದು. ಮುಂದಿನ ರಜೆಗೆ ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ಇರೋದರಲ್ಲಿ ತಂಪಾದ ಕೋಣೆಯಲ್ಲಿಡಿ. ಬೀರುವಿನ ಇನ್ನೊಂದು ಕೀಲಿ ಊರಲ್ಲೇ ಇರೋ ಯಾರಿಗಾದರೂ ಕೊಟ್ಟಿರಿ, ಮೇ ತಿಂಗಳಲ್ಲಿ ಒಂದು ಸಲ ತೆಗೆದು ನೋಡಲಿ.